ಬಣ್ಣದ ಮೀನು ಮತ್ತು ಅದರ ಮರಿಗಳಿಗೆ ಹೆಪ್ಪುಗಟ್ಟಿಸಿದ ಆಹಾರ: ಆಯ್ಕೆ ಹೇಗೆ?

ಬೇಸಾಯದ ಜೊತೆಗೆ ಒಂದು ಉಪಕಸುಬು ಇದ್ದರೆ ಬರಗಾಲದ ವರ್ಷದಲ್ಲಿಯೂ ರೈತನ ಕೈ ಪೂರ್ತಿ ಬರಿದಾಗುವುದಿಲ್ಲ. ಹೈನುಗಾರಿಕೆ, ಕೋಳಿ ಸಾಕಣೆ, ಕುರಿ ಸಾಕಣೆಗಳು ನಮ್ಮ ಭಾಗದ ರೈತರಿಗೆ ಹೊಸವಲ್ಲ. ಇವುಗಳ ಸಾಲಿಗೆ ಈಗ ಅಲಂಕಾರಿಕ ಮೀನು ಅಥವಾ ಬಣ್ಣದ ಮೀನು ಸಾಕಣೆಯೂ ಸೇರುತ್ತಿದೆ. ಇದಕ್ಕೆ ಎಕರೆಗಟ್ಟಲೆ ಕೆರೆ ಬೇಡ. ಹಿತ್ತಲಿನ ನೆರಳಿನಲ್ಲಿ ನಾಲ್ಕಾರು ಸಿಮೆಂಟ್ ತೊಟ್ಟಿಗಳು, ಒಂದು ಗಾಳಿ ಪಂಪು ಮತ್ತು ದಿನಕ್ಕೆ ಎರಡು ತಾಸಿನ ನಿಗಾ ಇದ್ದರೆ ಸಾಕು. ತೊಟ್ಟಿಯಿಂದ ಹೊರಹಾಕಿದ ನೀರು ಕಾಯಿಪಲ್ಲೆ ಮಡಿಗೆ ಒಳ್ಳೆಯ ಗೊಬ್ಬರದ ನೀರಾಗುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚವನ್ನು ನಿಗದಿ ಮಾಡಿ, ಸಾಮಾನ್ಯ ವರ್ಗದವರಿಗೆ ಶೇ. 40 ಮತ್ತು ಮಹಿಳೆಯರು ಹಾಗೂ ಪರಿಶಿಷ್ಟರಿಗೆ ಶೇ. 60ರಷ್ಟು ಸಹಾಯಧನವನ್ನು ಇಡಲಾಯಿತು.

ಬೇಸಾಯಶಾಸ್ತ್ರದ ಅಧ್ಯಾಪಕರಿಗೆ ಮೀನಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಸಮಗ್ರ ಕೃಷಿ ಪದ್ಧತಿಯಲ್ಲಿ ಹೊಲ, ದನ, ಹೊಂಡ ಎಲ್ಲವೂ ಒಂದೇ ಸಂಸಾರದ ಲೆಕ್ಕ. ಹೊಂಡದಲ್ಲಿ ಹೋದ ಹಣ ಹೊಲದ ಹಣವೇ ಅಲ್ಲವೇ?

ಬಣ್ಣದ ಮೀನು ಸಾಕಣೆಯಲ್ಲಿ ಹಣ ಹೋಗುವ ದಾರಿಗಳಲ್ಲಿ ಮುಖ್ಯವಾದುದು ಮರಿಗಳ ಸಾವು. ಒಂದು ಹೆಣ್ಣು ಗೋಲ್ಡ್ ಫಿಶ್ ಒಮ್ಮೆಗೆ ನೂರಾರು, ಕೆಲವೊಮ್ಮೆ ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆಯೊಡೆದ ಮರಿಗಳಲ್ಲಿ ಬಹುಪಾಲು ಮೊದಲ ಹತ್ತು ಹನ್ನೆರಡು ದಿನಗಳಲ್ಲಿಯೇ ಸತ್ತುಹೋದರೆ ಉಳಿದ ಕೆಲವೇ ಮೀನುಗಳಿಂದ ವಿದ್ಯುತ್ತಿನ ಖರ್ಚೂ ಹುಟ್ಟುವುದಿಲ್ಲ. ಇಂಥ ಸಾವಿಗೆ ರೋಗವೇ ಕಾರಣವೆಂದು ತಿಳಿದು ಔಷಧಿ ಹಾಕುವವರುಂಟು. ಆದರೆ ಅನೇಕ ಸಲ ಕಾರಣ ಎರಡೇ. ಒಂದು, ಕೊಟ್ಟ ಆಹಾರ ಮರಿಯ ಬಾಯಿಗೆ ಹಿಡಿಸದೆ ಹೋಗುವುದು. ಎರಡು, ತಿನ್ನದೆ ಉಳಿದ ಆಹಾರ ಕೊಳೆತು ನೀರು ಕೆಡುವುದು.

ಪಟ್ಟಣದ ಅಂಗಡಿಗಳಲ್ಲಿ ಬಣ್ಣದ ಮೀನಿಗೆಂದು ಒಣ ಆಹಾರದ ಜೊತೆಗೆ ಹೆಪ್ಪುಗಟ್ಟಿಸಿದ ಆಹಾರವೂ ಸಿಗುತ್ತದೆ. ವ್ಯಾಪಾರಿಗಳು ಇದನ್ನು ‘ಫ್ರೋಜನ್ ಫುಡ್’ ಎನ್ನುತ್ತಾರೆ. ಇದು ಒಳ್ಳೆಯ ಆಹಾರವೇ ಸರಿ. ಆದರೆ ಎಲ್ಲ ಮೀನಿಗೆ, ಎಲ್ಲ ವಯಸ್ಸಿಗೆ, ಎಲ್ಲ ಊರಿಗೆ ಇದು ಒಂದೇ ರೀತಿ ಒಪ್ಪುವುದಿಲ್ಲ. ಇದನ್ನು ಆರಿಸುವಾಗ ಗಮನಿಸಬೇಕಾದ ಅಂಶಗಳನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಲೇಖನದಲ್ಲಿ ವಿವರಿಸಲಾಗಿದೆ.

ಹೆಪ್ಪುಗಟ್ಟಿಸಿದ ಆಹಾರ ಎಂದರೇನು?

ಕೆರೆ, ಕುಂಟೆ ಹಾಗೂ ಉಪ್ಪುನೀರಿನ ಹೊಂಡಗಳಲ್ಲಿ ಬೆಳೆಯುವ ಸಣ್ಣ ಜೀವಿಗಳನ್ನು ಹಿಡಿದು, ತೊಳೆದು, ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಅಥವಾ ಇನ್ನೂ ಕೆಳಗಿನ ಉಷ್ಣತೆಯಲ್ಲಿ ಗಟ್ಟಿಮಾಡಿ ಇಟ್ಟ ಆಹಾರವಿದು. ಚಪ್ಪಟೆ ಹಲ್ಲೆಯ ರೂಪದಲ್ಲಿ ಅಥವಾ ಗುಳಿಗೆಯ ಹಾಳೆಯಂಥ ಪೊಟ್ಟಣದಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ಸಾಮಾನ್ಯವಾಗಿ ಸಿಗುವ ವಿಧಗಳು ಇವು:

1. ಕೆಂಪು ಹುಳು. ಅಂಗಡಿಯಲ್ಲಿ ‘ಬ್ಲಡ್ ವರ್ಮ್’ ಎಂದು ಕೇಳಬೇಕು. ಹೆಸರಿಗೆ ಹುಳುವಾದರೂ ಇದು ಎರೆಹುಳುವಿನ ಜಾತಿಯಲ್ಲ. ಕಚ್ಚದ ಒಂದು ಬಗೆಯ ಸೊಳ್ಳೆಯಂಥ ನೊಣದ ಮರಿಹುಳು. ನಮ್ಮ ರಕ್ತದಲ್ಲಿರುವಂತೆ ಇದರ ಮೈಯಲ್ಲಿಯೂ ಹಿಮೋಗ್ಲೋಬಿನ್ ಇರುವುದರಿಂದ ಕೆಂಪಾಗಿ ಕಾಣುತ್ತದೆ.

2. ಆರ್ಟೀಮಿಯಾ. ಇದು ಉಪ್ಪುನೀರಿನ ಸಣ್ಣ ಸೀಗಡಿ. ಬೆಳೆದದ್ದು ಸುಮಾರು 10 ಮಿ.ಮೀ. ಉದ್ದ, ಆಗತಾನೆ ಒಡೆದ ಎಳೆಮರಿ ಅರ್ಧ ಮಿ.ಮೀ.ಗಿಂತ ಚಿಕ್ಕದು. ಎರಡೂ ಬೇರೆ ಬೇರೆ ಪೊಟ್ಟಣಗಳಲ್ಲಿ ಬರುತ್ತವೆ. ಕೊಳ್ಳುವಾಗ ಯಾವುದೆಂದು ನೋಡಿಕೊಳ್ಳಬೇಕು.

3. ನೀರುಚಿಗಟ. ಡ್ಯಾಫ್ನಿಯಾ ಮತ್ತು ಮೊಯಿನಾ ಎಂಬ ಎರಡು ಜಾತಿಗಳು ಮುಖ್ಯ. ಡ್ಯಾಫ್ನಿಯಾ 1ರಿಂದ 3 ಮಿ.ಮೀ., ಮೊಯಿನಾ ಸುಮಾರು 1 ಮಿ.ಮೀ. ಇರುತ್ತದೆ.

4. ಸೈಕ್ಲಾಪ್ಸ್. ಅರ್ಧದಿಂದ 2 ಮಿ.ಮೀ.ವರೆಗಿನ ನೀರಿನ ಜೀವಿ. ಹಿಂದೆ ಮೆಟ್ಟಿಲು ಬಾವಿಯ ನೀರು ಕುಡಿದವರಿಗೆ ನಾರುಹುಣ್ಣು ತಂದುಕೊಡುತ್ತಿದ್ದುದು ಈ ಜೀವಿಯೇ ಎಂಬುದು ಹಿರಿಯರಿಗೆ ನೆನಪಿರಬಹುದು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

5. ಸೊಳ್ಳೆ ಮರಿಹುಳು, ಕೊಚ್ಚಿದ ಸೀಗಡಿ ಹಾಗೂ ಸೊಪ್ಪು, ಮೀನು ಸೇರಿಸಿ ಅರೆದ ಮಿಶ್ರ ಆಹಾರ.

ಲಾಭವೇನು, ಕೊರತೆಯೇನು?

ಜೀವಂತ ಆಹಾರವನ್ನು ಕೆರೆಯಿಂದ ನೇರವಾಗಿ ತಂದು ತೊಟ್ಟಿಗೆ ಹಾಕಿದರೆ ಅದರ ಜೊತೆಗೆ ಏರೋಪ್ಲೇನ್ ಚಿಟ್ಟೆಯ ಮರಿಹುಳು, ಬೆನ್ನಮೇಲೆ ಈಜುವ ನೀರುತಿಗಣೆ, ಹೈಡ್ರಾ ಮುಂತಾದ ಶತ್ರುಗಳೂ ಒಳಸೇರುತ್ತವೆ. ಇವು ಮೀನಿನ ಮರಿಗಳನ್ನೇ ಹಿಡಿದು ತಿನ್ನುತ್ತವೆ. ಕೆಲವು ಜಾತಿಯ ಸೈಕ್ಲಾಪ್ಸ್ ಕೂಡ ಎಳೆಮರಿಗಳ ಮೈಗೆ ಕಚ್ಚುತ್ತವೆ. ಹೆಪ್ಪುಗಟ್ಟಿಸಿದಾಗ ಈ ಶತ್ರುಗಳೆಲ್ಲ ಸಾಯುತ್ತವೆ, ಅನೇಕ ಪರಾವಲಂಬಿಗಳೂ ನಾಶವಾಗುತ್ತವೆ. ಇದು ಮೊದಲ ಲಾಭ. ಒಣ ಆಹಾರಕ್ಕಿಂತ ಇದು ಮೀನಿಗೆ ರುಚಿಸುತ್ತದೆ. ತಾಯಿ ಮೀನುಗಳು ಚೆನ್ನಾಗಿ ತಿಂದು ಮೊಟ್ಟೆ ಕಟ್ಟುತ್ತವೆ. ಇದು ಎರಡನೆಯ ಲಾಭ.

ಕೊರತೆಗಳೂ ಇವೆ. ಜೀವಕೋಶದೊಳಗಿನ ನೀರು ಗಡ್ಡೆಕಟ್ಟುವಾಗ ಚೂಪಾದ ಹರಳುಗಳಾಗಿ ಕೋಶದ ಪೊರೆಯನ್ನು ಹರಿಯುತ್ತದೆ. ಕರಗಿಸಿದಾಗ ಒಳಗಿನ ರಸ ಸೋರಿಹೋಗುತ್ತದೆ. ಈ ರಸದೊಂದಿಗೆ ನೀರಿನಲ್ಲಿ ಕರಗುವ ಜೀವಸತ್ವಗಳೂ ಅಮೈನೋ ಆಮ್ಲಗಳೂ ಹೋಗುತ್ತವೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳುಗಳು ದೊಡ್ಡವಾಗಿ ಹೆಚ್ಚು ಸೋರುತ್ತವೆ, ಬೇಗ ಹೆಪ್ಪುಗಟ್ಟಿದರೆ ಸಣ್ಣ ಹರಳಾಗಿ ಸೋರಿಕೆ ಕಡಿಮೆ. ಜೀವಿಯ ಮೈ ಚಿಕ್ಕದಾದಷ್ಟೂ ಸೋರಿಕೆ ಬೇಗ. ಆದುದರಿಂದ ಮರಿಗಳಿಗೆ ಬೇಕಾದ ಸಣ್ಣ ಆಹಾರದಲ್ಲಿಯೇ ಈ ನಷ್ಟ ಹೆಚ್ಚು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ತಂಪು ರೋಗಾಣುಗಳನ್ನೆಲ್ಲ ಕೊಲ್ಲುವುದಿಲ್ಲ, ಅವು ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಆಹಾರ ಒಮ್ಮೆ ಕರಗಿತೆಂದರೆ ಮಲಗಿದ್ದ ರೋಗಾಣುಗಳು ಎದ್ದು ವೃದ್ಧಿಯಾಗುತ್ತವೆ. ಮತ್ತೆ ಗಟ್ಟಿಮಾಡಿದರೂ ಆಗಲೇ ಕೆಟ್ಟದ್ದು ಸರಿಹೋಗುವುದಿಲ್ಲ.

ಮೊದಲು ಬಾಯಿಯ ಅಳತೆ ನೋಡಿರಿ

ಜೋಳ ಬಿತ್ತುವಾಗ ಕೂರಿಗೆಯ ತಾಳನ್ನು ಕಾಳಿನ ಗಾತ್ರಕ್ಕೆ ಹೊಂದಿಸುತ್ತೇವೆ. ಹಾಗೆಯೇ ಆಹಾರವನ್ನು ಬಾಯಿಯ ಅಳತೆಗೆ ಹೊಂದಿಸಬೇಕು. ಮೀನು ಕಚ್ಚಿ ಅಗಿದು ತಿನ್ನುವ ಪ್ರಾಣಿಯಲ್ಲ, ಬಹುಮಟ್ಟಿಗೆ ನುಂಗುವ ಪ್ರಾಣಿ. ಬಾಯಿಗಿಂತ ದೊಡ್ಡದಾದ ಆಹಾರ ಎಷ್ಟೇ ಪೌಷ್ಟಿಕವಾಗಿರಲಿ, ಮರಿಯ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಮೊಟ್ಟೆಯಿಂದ ಹೊರಬಂದ ಮರಿಯ ಹೊಟ್ಟೆಯಡಿ ಭಂಡಾರದ ಚೀಲವೊಂದಿರುತ್ತದೆ. ಕಡಲೆಯ ಮೊಳಕೆ ಬೇಳೆಯಲ್ಲಿನ ಆಹಾರವನ್ನು ಉಂಡು ಬೆಳೆಯುವಂತೆ ಮರಿ ಎರಡು ಮೂರು ದಿನ ಈ ಚೀಲದ ಆಹಾರದಿಂದ ಬದುಕುತ್ತದೆ. ಚೀಲ ಬರಿದಾಗಿ ಮರಿ ಈಜಲು ತೊಡಗಿದ ಕ್ಷಣದಿಂದ ಹೊರಗಿನ ಆಹಾರ ಬೇಕು. ಆಗ ಕೆಲವು ದಿನ ಉಪವಾಸ ಬಿದ್ದರೆ ಮರಿ ಎಷ್ಟು ಸೊರಗುತ್ತದೆಂದರೆ ಆಮೇಲೆ ಆಹಾರ ಎದುರಿಗಿದ್ದರೂ ಹಿಡಿದು ತಿನ್ನಲಾರದು. ಹೊಡೆ ಹಾಯುವ ಹಂತದಲ್ಲಿ ತೇವ ಸಿಗದ ಜೋಳಕ್ಕೆ ಕಾಳು ಬಲಿತ ಮೇಲೆ ನೀರುಣಿಸಿದರೆ ಏನು ಫಲ? ಇದೂ ಹಾಗೆಯೇ.

ಸಾಮಾನ್ಯ ಜಾತಿಗಳಿಗೆ ಮೊದಲ ಆಹಾರ ಹೀಗಿರಬೇಕು:

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್ ಟೇಲ್: ಇವು ಮರಿ ಹಾಕುವ ಮೀನುಗಳು. ಹುಟ್ಟಿದ ಮರಿ ಸುಮಾರು 6ರಿಂದ 8 ಮಿ.ಮೀ. ಇರುತ್ತದೆ. ಮೊದಲ ದಿನದಿಂದಲೇ ಆರ್ಟೀಮಿಯಾ ಎಳೆಮರಿ, ಸಣ್ಣ ಮೊಯಿನಾ, ನುಣ್ಣಗೆ ಪುಡಿಮಾಡಿದ ಒಣ ಆಹಾರವನ್ನು ತಿನ್ನುತ್ತದೆ. ಹೆಪ್ಪುಗಟ್ಟಿಸಿದ ಆರ್ಟೀಮಿಯಾ ಎಳೆಮರಿಯೂ ನಡೆಯುತ್ತದೆ. ಹೊಸಬರು ಈ ಜಾತಿಗಳಿಂದಲೇ ಆರಂಭಿಸುವುದು ಲೇಸು.

ಗೋಲ್ಡ್ ಫಿಶ್, ಕೋಯ್ ಕಾರ್ಪ್: ಈಜಲು ತೊಡಗಿದ ಮೊದಲ ಮೂರರಿಂದ ಐದು ದಿನ ಇನ್ಫ್ಯುಸೋರಿಯಾ ಅಥವಾ ರೋಟಿಫರ್ ಎಂಬ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಜೀವಿಗಳು ಬೇಕು. ನಂತರ ಜೀವಂತ ಆರ್ಟೀಮಿಯಾ ಎಳೆಮರಿ. ಎರಡು ಮೂರು ವಾರ ಕಳೆದ ಮೇಲೆ ಹೆಪ್ಪುಗಟ್ಟಿಸಿದ ಮೊಯಿನಾ.

ಏಂಜೆಲ್ ಮೀನು: ಈಜಲು ತೊಡಗಿದ ದಿನದಿಂದ ಜೀವಂತ ಆರ್ಟೀಮಿಯಾ ಎಳೆಮರಿ ತಿನ್ನುತ್ತದೆ.

ಗೌರಾಮಿ, ಫೈಟರ್: ಮರಿ ಬಹಳ ಸಣ್ಣದು, ಸುಮಾರು 3 ಮಿ.ಮೀ. ಮಾತ್ರ. ಮೊದಲ ಒಂದು ವಾರ ಇನ್ಫ್ಯುಸೋರಿಯಾವೇ ಗತಿ. ಈ ವಯಸ್ಸಿನಲ್ಲಿ ಹೆಪ್ಪುಗಟ್ಟಿಸಿದ ಯಾವ ಆಹಾರವನ್ನೂ ನಂಬಿಕೊಂಡಿರಬಾರದು.

ಇಲ್ಲಿ ಇನ್ನೊಂದು ಮಾತು. ಎಳೆಮರಿಗಳ ಕಣ್ಣು ಚಲಿಸುವ ವಸ್ತುವನ್ನು ಹುಡುಕುತ್ತದೆ. ಹೆಪ್ಪುಗಟ್ಟಿಸಿದ ಆಹಾರ ಸತ್ತ ಆಹಾರ. ಅದು ಮಿಸುಕದೆ ತಳಕ್ಕೆ ಇಳಿಯುತ್ತದೆ. ಗಾಳಿ ಪಂಪಿನ ಗುಳ್ಳೆಗಳಿಂದ ನೀರು ನಿಧಾನವಾಗಿ ತಿರುಗುತ್ತಿದ್ದರೆ ಆಹಾರ ತೇಲಾಡುತ್ತ ಮರಿಗಳ ಕಣ್ಣಿಗೆ ಬೀಳುತ್ತದೆ.

ಬೆಳೆದ ಮೀನಿಗೆ ಯಾವುದು?

ಮೂರು ಸೆಂ.ಮೀ.ಗಿಂತ ದೊಡ್ಡ ಗೋಲ್ಡ್ ಫಿಶ್, ಏಂಜೆಲ್, ಗೌರಾಮಿಗಳಿಗೆ ಕೆಂಪು ಹುಳುವನ್ನು ವಾರಕ್ಕೆ ಎರಡು ಮೂರು ಸಲ ಕೊಡಬಹುದು. ಸಸಾರಜನಕ ಹೆಚ್ಚಿರುವುದರಿಂದ ಮೊಟ್ಟೆಗೆ ಬಿಡುವ ಮುಂಚಿನ ಎರಡು ಮೂರು ವಾರ ತಾಯಿ ಮೀನುಗಳಿಗೆ ಇದು ಉತ್ತಮ. ದಿನವೂ ಇದನ್ನೇ ಕೊಡಬಾರದು. ಗೋಲ್ಡ್ ಫಿಶ್‌ಗೆ ನಾರಿನ ಅಂಶವೂ ಬೇಕು. ಡ್ಯಾಫ್ನಿಯಾದ ಚಿಪ್ಪು ದನಕ್ಕೆ ಕಣಿಕೆ ಇದ್ದಂತೆ ಹೊಟ್ಟೆಯನ್ನು ಸರಾಗವಾಗಿಡುತ್ತದೆ. ಗಪ್ಪಿಯಂಥ ಸಣ್ಣ ಮೀನಿಗೆ ಇಡೀ ಕೆಂಪು ಹುಳು ದೊಡ್ಡದಾಗುತ್ತದೆ. ಮೊಯಿನಾ, ಸೈಕ್ಲಾಪ್ಸ್ ಸಾಕು. ಯಾವುದೇ ಒಂದು ಆಹಾರವನ್ನು ಪೂರ್ಣ ಆಹಾರವೆಂದು ತಿಳಿಯದೆ, ಒಳ್ಳೆಯ ಒಣ ಆಹಾರವನ್ನು ಮೂಲವಾಗಿಟ್ಟುಕೊಂಡು ಇವನ್ನು ಬದಲಿಸುತ್ತ ಕೊಡಬೇಕು.

ಗಟಾರದಲ್ಲಿ ಬೆಳೆಯುವ ಟ್ಯುಬಿಫೆಕ್ಸ್ ಹುಳುವನ್ನು ಅಗ್ಗವೆಂದು ಕೊಳ್ಳುವ ವಾಡಿಕೆ ಇದೆ. ಗಟಾರದ ನಂಜು ಮತ್ತು ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಇದರ ಮೈಯಲ್ಲಿ ಸೇರಿಕೊಂಡಿರಬಹುದು. ಹೆಪ್ಪುಗಟ್ಟಿಸಿದರೂ ಲೋಹ ಹೋಗುವುದಿಲ್ಲ. ಆದುದರಿಂದ ಇದನ್ನು ಬಿಡುವುದೇ ಒಳ್ಳೆಯದು.

ಕೊಳ್ಳುವಾಗ ಏನು ನೋಡಬೇಕು?

ಹೆಪ್ಪುಗಟ್ಟಿಸಿದ ಆಹಾರ ನಮ್ಮ ಜಿಲ್ಲೆಗೆ ದೂರದ ಊರುಗಳಿಂದ ಬರುತ್ತದೆ. ಹುಬ್ಬಳ್ಳಿಯಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಸುಮಾರು ಮೂರು ತಾಸಿನ ಹಾದಿ. ಬೆಂಗಳೂರಿನಿಂದಾದರೆ ಇಡೀ ರಾತ್ರಿಯ ಪ್ರಯಾಣ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ದಾರಿಯಲ್ಲಿ ಕರಗಿ, ಅಂಗಡಿಯಲ್ಲಿ ಮತ್ತೆ ಗಟ್ಟಿಯಾದ ಮಾಲು ಸಿಗುವ ಸಂಭವ ಉಂಟು. ಕಣ್ಣಿನಿಂದಲೇ ಇದನ್ನು ಗುರುತಿಸಬಹುದು.

1. ಪೊಟ್ಟಣದ ಒಳಗೆ ದೊಡ್ಡ ದೊಡ್ಡ ಮಂಜಿನ ಹರಳುಗಳು ಕಟ್ಟಿದ್ದರೆ, ಒಂದು ಮೂಲೆಯಲ್ಲಿ ಕೆಂಪು ಅಥವಾ ಕಂದು ರಸ ಬೇರೆಯಾಗಿ ಗಡ್ಡೆಕಟ್ಟಿದ್ದರೆ ಮಾಲು ಒಮ್ಮೆ ಕರಗಿದೆ ಎಂದು ತಿಳಿಯಬೇಕು.

2. ಹಲ್ಲೆ ಎಲ್ಲ ಕಡೆ ಒಂದೇ ದಪ್ಪವಾಗಿರಬೇಕು. ಒಂದು ಕಡೆ ಜಾರಿ ದಪ್ಪವಾಗಿದ್ದರೆ ಅದು ಓರೆಯಾಗಿಟ್ಟಾಗ ಕರಗಿದ ಗುರುತು. ಗುಳಿಗೆ ಹಾಳೆಯಲ್ಲಿ ತುಂಡುಗಳು ಓರೆಯಾಗಿ ಗಟ್ಟಿಯಾಗಿದ್ದರೂ ಅದೇ ಅರ್ಥ.

3. ಕೆಂಪು ಹುಳು ಕಡುಗೆಂಪಾಗಿ, ಒಂದೊಂದು ಹುಳುವೂ ಬಿಡಿಯಾಗಿ ಕಾಣಬೇಕು. ಕಂದಾಗಿ, ಗಂಜಿಯಂತೆ ಕಲಸಿಹೋಗಿದ್ದರೆ ಬೇಡ. ಆರ್ಟೀಮಿಯಾ ಕಿತ್ತಳೆ ಅಥವಾ ನಸುಗೆಂಪು ಬಣ್ಣದ್ದಿರಬೇಕು. ಬೂದು ಬಣ್ಣ ಹಳೆಯದರ ಲಕ್ಷಣ.

4. ಮೇಲೆ ಬಿಳಿಯ ಒಣ ಮಚ್ಚೆಗಳಿದ್ದರೆ ತಂಪಿನಲ್ಲಿಯೇ ತೇವ ಆರಿ ಒಣಗಿದೆ ಎಂದು ಅರ್ಥ.

5. ತಯಾರಿಸಿದ ದಿನಾಂಕ ಮತ್ತು ಬಳಸಬೇಕಾದ ಅವಧಿ ಮುದ್ರಿತವಾಗಿರಬೇಕು. ಕೆಲವು ಪೊಟ್ಟಣಗಳ ಮೇಲೆ ಗಾಮಾ ಕಿರಣದಿಂದ ಸಂಸ್ಕರಿಸಿದ್ದೆಂದು ಬರೆದಿರುತ್ತದೆ. ಇದು ರೋಗಾಣುಗಳನ್ನು ಕೊಲ್ಲುವ ಕ್ರಮ. ಇದರಿಂದ ಆಹಾರದಲ್ಲಿ ವಿಕಿರಣ ಉಳಿಯುವುದಿಲ್ಲ, ಹೆದರಬೇಕಾಗಿಲ್ಲ.

ಬೆಲೆಯ ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ಹೆಪ್ಪುಗಟ್ಟಿಸಿದ ಆಹಾರದ ತೂಕದಲ್ಲಿ ಶೇ. 85ರಿಂದ 95 ಭಾಗ ನೀರು. ಒಣ ಆಹಾರದಲ್ಲಿ ನೀರು ಶೇ. 10ರ ಆಸುಪಾಸು. ಅಂದರೆ 100 ಗ್ರಾಂ ಹಲ್ಲೆಯಲ್ಲಿ ಮೀನಿನ ಮೈಗೆ ಹತ್ತುವ ಅಂಶ ಸುಮಾರು 10 ಗ್ರಾಂ, ಒಣ ಆಹಾರದಲ್ಲಿ ಸುಮಾರು 90 ಗ್ರಾಂ. ಪೊಟ್ಟಣಕ್ಕೆ ಹೆಚ್ಚು ನೀರು ತುಂಬಿಸಿರುವುದೂ ಉಂಟು. ಹೊಸ ಹೆಸರಿನ ಪೊಟ್ಟಣ ಕೊಂಡಾಗ ಒಂದು ಹಲ್ಲೆಯನ್ನು ಚಹಾ ಸೋಸುವ ಜರಡಿಯಲ್ಲಿ ಕರಗಿಸಿ, ನೀರು ಬಸಿದ ಮೇಲೆ ಉಳಿದದ್ದನ್ನು ತೂಗಿ ನೋಡಿರಿ. ಎರಡು ಪೊಟ್ಟಣಗಳನ್ನು ಹೀಗೆ ಹೋಲಿಸಿದರೆ ಯಾವುದು ನಿಜವಾಗಿ ಅಗ್ಗ ಎಂಬುದು ಗೊತ್ತಾಗುತ್ತದೆ.

ನಿಮ್ಮ ಫ್ರಿಜ್ ಎಷ್ಟು ತಂಪು?

ಅಂಗಡಿಯಲ್ಲಿ ಮಾಲು ಚೆನ್ನಾಗಿದ್ದರೆ ಸಾಲದು, ಮನೆಯಲ್ಲಿಯೂ ಹಾಗೆಯೇ ಉಳಿಯಬೇಕು. ಒಂದೇ ಬಾಗಿಲಿನ ಫ್ರಿಜ್ಜಿನ ಬರ್ಫದ ಪೆಟ್ಟಿಗೆ ಅನೇಕ ಸಲ ಸೊನ್ನೆಗಿಂತ 6ರಿಂದ 12 ಡಿಗ್ರಿ ಕೆಳಗಷ್ಟೇ ಇಳಿಯುತ್ತದೆ. ಇದನ್ನು ಉಷ್ಣಮಾಪಕವಿಲ್ಲದೆ ಪರೀಕ್ಷಿಸಬಹುದು. 20 ಗ್ರಾಂ ಉಪ್ಪನ್ನು 80 ಗ್ರಾಂ ನೀರಿನಲ್ಲಿ ಪೂರ್ತಿ ಕರಗಿಸಿ ಸಣ್ಣ ಡಬ್ಬಿಯಲ್ಲಿ ರಾತ್ರಿ ಇಡಿರಿ. ಇಂಥ ಉಪ್ಪುನೀರು ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗೆ ಇಳಿದ ಮೇಲೆಯೇ ಹರಳುಗಟ್ಟುತ್ತದೆ. ಬೆಳಿಗ್ಗೆ ಹರಳು ಕಟ್ಟಿದ್ದರೆ ಆಹಾರವನ್ನು ತಿಂಗಳುಗಟ್ಟಲೆ ಇಡಬಹುದು. ನೀರಾಗಿಯೇ ಉಳಿದಿದ್ದರೆ ಎರಡು ಮೂರು ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ ತಂದಿಡಬೇಕು.

ಎರಡನೆಯದು ವಿದ್ಯುತ್ ಕಡಿತ. ನೀವು ಹೊಲಕ್ಕೆ ಅಥವಾ ಊರಿಗೆ ಹೋದಾಗ ಎಷ್ಟು ತಾಸು ಕರೆಂಟು ಹೋಗಿತ್ತು ಎಂಬುದು ತಿಳಿಯುವುದಿಲ್ಲ. ಒಂದು ಲೋಟ ನೀರನ್ನು ಗಟ್ಟಿಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲಿಯೇ ಬಿಡಿರಿ. ಹಿಂದಿರುಗಿದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ಗಡ್ಡೆಯ ಮಧ್ಯಕ್ಕೋ ತಳಕ್ಕೋ ಇಳಿದಿದ್ದರೆ ಒಳಗಿದ್ದುದೆಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಅಂಥ ಆಹಾರವನ್ನು ತಿಪ್ಪೆಗುಂಡಿಗೆ ಹಾಕಿರಿ, ತೊಟ್ಟಿಗೆ ಹಾಕಬೇಡಿ. ನೂರು ರೂಪಾಯಿಯ ಪೊಟ್ಟಣ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ತಾಯಿ ಮೀನು ಕಳೆದುಕೊಳ್ಳುವುದು ಜಾಣತನವಲ್ಲ.

ಕರಗಿಸಿ ಉಣಿಸುವ ಕ್ರಮ

ಗಟ್ಟಿಯಾದ ತುಂಡನ್ನು ಹಾಗೆಯೇ ತೊಟ್ಟಿಗೆ ಹಾಕಬಾರದು. ಅಂದಂದಿಗೆ ಬೇಕಾದಷ್ಟನ್ನು ಮಾತ್ರ ಮುರಿದು, ಒಂದು ಬಟ್ಟಲು ತಣ್ಣೀರಿನಲ್ಲಿ 10ರಿಂದ 15 ನಿಮಿಷ ಬಿಡಬೇಕು. ಬಿಸಿನೀರು ಬಳಸಬಾರದು. ಕರಗಿದ ಮೇಲೆ ನುಣುಪಾದ ಜರಡಿಯಲ್ಲಿ ಅಥವಾ ಬಟ್ಟೆಯಲ್ಲಿ ಸೋಸಿ, ರಸವನ್ನು ಗಿಡದ ಬುಡಕ್ಕೆ ಚೆಲ್ಲಿ, ಆಹಾರವನ್ನು ಅರ್ಧ ತಾಸಿನೊಳಗೆ ಉಣಿಸಬೇಕು. ಬೆಳೆದ ಮೀನುಗಳಿಗೆ ಮೂರರಿಂದ ಐದು ನಿಮಿಷದಲ್ಲಿ ಮುಗಿಯುವಷ್ಟು ದಿನಕ್ಕೆ ಎರಡು ಸಲ ಸಾಕು. ಮರಿಗಳಿಗೆ ದಿನಕ್ಕೆ ನಾಲ್ಕೈದು ಸಲ ಚಿಟಿಕೆ ಚಿಟಿಕೆಯಾಗಿ ಕೊಡಬೇಕು. ಉಳಿದದ್ದನ್ನು ಸಣ್ಣ ನಳಿಕೆಯಿಂದ ತಳದಿಂದ ಎಳೆದು ತೆಗೆಯಬೇಕು.

ಉಳಿದ ಆಹಾರದ ವಿಷಯದಲ್ಲಿ ನಮ್ಮ ಭಾಗದವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಇದಕ್ಕೆ ಕಾರಣ ನಮ್ಮ ನೆಲ. ಈ ಸೀಮೆಯ ಸುಣ್ಣಕಲ್ಲು ಮತ್ತು ಮರಳುಗಲ್ಲಿನ ಪದರಗಳಿಗೆ ಭೂವಿಜ್ಞಾನಿಗಳು ಕಲಾದಗಿಯ ಹೆಸರನ್ನೇ ಕೊಟ್ಟಿದ್ದಾರೆ. ಸುಣ್ಣಕಲ್ಲಿನ ಪದರದಿಂದ ಬರುವ ಬಾವಿ, ಕೊಳವೆಬಾವಿಗಳ ನೀರು ಗಡಸು ಮತ್ತು ಸಾಮಾನ್ಯವಾಗಿ ಕ್ಷಾರೀಯ. ಗಪ್ಪಿ, ಮೋಲಿಗಳಿಗೆ ಗಡಸು ನೀರು ಒಗ್ಗುತ್ತದೆ ಎಂಬುದು ನಿಜ. ಆದರೆ ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಕ್ಷಾರೀಯ ನೀರಿನಲ್ಲಿ ವಿಷವಾಗುತ್ತದೆ. 30 ಡಿಗ್ರಿ ಉಷ್ಣತೆಯಲ್ಲಿ ನೀರಿನ ರಸಸಾರ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಭಾಗ ಶೇ. 1ಕ್ಕಿಂತ ಕಡಿಮೆ; ರಸಸಾರ 8.5 ಆದರೆ ಅದು ಸುಮಾರು ಶೇ. 20ಕ್ಕೆ ಏರುತ್ತದೆ. ಅದೇ ಒಂದು ಚಮಚ ಉಳಿದ ಆಹಾರ ಒಂದು ಊರಿನಲ್ಲಿ ಏನೂ ಮಾಡದೆ ಇನ್ನೊಂದು ಊರಿನಲ್ಲಿ ಇಡೀ ತೊಟ್ಟಿಯ ಮರಿಗಳನ್ನು ಕೊಲ್ಲುವುದು ಇದರಿಂದಲೇ. ಇಳಕಲ್ಲಿನ ಕೆಂಪು ಗ್ರಾನೈಟ್ ನೆಲದ ನೀರು ಸುಣ್ಣಕಲ್ಲಿನ ನೀರಿಗಿಂತ ಭಿನ್ನವಾಗಿರಬಹುದು. ಆದುದರಿಂದ ಮಣ್ಣು ಪರೀಕ್ಷೆಯಂತೆ ನೀರು ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಮರಿಗಳ ಮೊದಲ ಹತ್ತು ದಿನ: ಮನೆಯಲ್ಲೇ ಬೆಳೆದ ಆಹಾರ

ಎಳೆಮರಿಗಳಿಗೆ ಜೀವಂತ ಆಹಾರವೇ ಮೇಲು. ಅದನ್ನು ಮನೆಯಲ್ಲಿಯೇ ತಯಾರಿಸಬಹುದು.

ಇನ್ಫ್ಯುಸೋರಿಯಾ: ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಕೆರೆಯ ಅಥವಾ ಹಳೆಯ ತೊಟ್ಟಿಯ ನೀರು ತುಂಬಿ, ಒಂದು ಒಣಗಿದ ಬಾಳೆಹಣ್ಣಿನ ಸಿಪ್ಪೆ ಹಾಕಿ, ತೆಳು ಬಟ್ಟೆ ಕಟ್ಟಿ ನೆರಳಿನ ಬೆಳಕಿನಲ್ಲಿಡಬೇಕು. ಎರಡು ಮೂರು ದಿನಕ್ಕೆ ನೀರು ಹಾಲಿನಂತೆ ಮಬ್ಬಾಗಿ ವಾಸನೆ ಬರುತ್ತದೆ. ಮುಂದಿನ ಎರಡು ಮೂರು ದಿನದಲ್ಲಿ ತಿಳಿಯಾಗಿ ನಸು ಹಳದಿಯಾದಾಗ ಸಿದ್ಧವಾಯಿತೆಂದು ತಿಳಿಯಬೇಕು. ಇದನ್ನು ಮರಿಗಳ ತೊಟ್ಟಿಗೆ ಚಮಚದಿಂದ ದಿನಕ್ಕೆ ನಾಲ್ಕೈದು ಸಲ ಹಾಕಬೇಕು. ಮೀನು ಮೊಟ್ಟೆಯಿಟ್ಟ ದಿನವೇ ಜಾಡಿ ಹೂಡಿದರೆ ಮರಿ ಈಜುವ ಹೊತ್ತಿಗೆ ಆಹಾರ ಕೈಗೆ ಬರುತ್ತದೆ.

ಆರ್ಟೀಮಿಯಾ: ಇದರ ಒಣ ಮೊಟ್ಟೆಗಳು ಡಬ್ಬಿಯಲ್ಲಿ ಸಿಗುತ್ತವೆ. ಅಮೆರಿಕದ ಯೂಟಾ ರಾಜ್ಯದ ದೊಡ್ಡ ಉಪ್ಪು ಸರೋವರದಿಂದ ಬರುವ ಮೊಟ್ಟೆಗಳು ಪ್ರಸಿದ್ಧ. ಒಂದು ಲೀಟರ್ ನೀರಿಗೆ 25 ಗ್ರಾಂ ಹರಳುಪ್ಪು ಹಾಕಿ, ಅರ್ಧ ಚಹಾ ಚಮಚ ಮೊಟ್ಟೆ ಸೇರಿಸಿ, ಬೆಳಕಿನಲ್ಲಿಟ್ಟು ಬಿಡದೆ ಗಾಳಿ ಊದಬೇಕು. 26ರಿಂದ 29 ಡಿಗ್ರಿ ಉಷ್ಣತೆಯಲ್ಲಿ ಸುಮಾರು 24 ತಾಸಿಗೆ ಮರಿಯಾಗುತ್ತದೆ, ಚಳಿಗಾಲದಲ್ಲಿ ತಡವಾಗುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪುಗಳು ತೇಲುತ್ತವೆ, ಕಿತ್ತಳೆ ಬಣ್ಣದ ಎಳೆಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ. ಅವನ್ನು ನಳಿಕೆಯಿಂದ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಒಡೆದ ಮೇಲೆ ತಾಸುಗಳು ಕಳೆದಂತೆ ಅವುಗಳ ಮೈಯ ಸತ್ವ ಕರಗುವುದರಿಂದ ಬೇಗ ಉಣಿಸುವುದು ಒಳ್ಳೆಯದು. ಬೀಜಕ್ಕೆ ಮೊಳಕೆ ಪ್ರಮಾಣ ಇರುವಂತೆ ಈ ಮೊಟ್ಟೆಗೂ ಒಡೆಯುವ ಪ್ರಮಾಣ ಇರುತ್ತದೆ. ಡಬ್ಬಿಯ ಮೇಲೆ ಅದನ್ನು ಓದಿ ಕೊಳ್ಳಬೇಕು, ತೆರೆದ ಡಬ್ಬಿಯನ್ನು ತೇವ ತಾಗದಂತೆ ಮುಚ್ಚಿಡಬೇಕು.

ಮೊಯಿನಾ: 1,000 ಲೀಟರ್ ನೀರು ಹಿಡಿಯುವ ಸಿಮೆಂಟ್ ತೊಟ್ಟಿಗೆ ಶೇಂಗಾ ಹಿಂಡಿ 75 ಗ್ರಾಂ, ಹಸಿ ಸೆಗಣಿ 200 ಗ್ರಾಂ, ಸೂಪರ್ ಫಾಸ್ಫೇಟ್ 20 ಗ್ರಾಂ ನೆನೆಸಿ, ಕದಡಿ, ಸೋಸಿ ಹಾಕಬೇಕು. ಎರಡು ಮೂರು ದಿನ ಬಿಟ್ಟು ಬೇರೆ ತೊಟ್ಟಿಯಿಂದ ಒಂದು ಹಿಡಿ ಮೊಯಿನಾ ಬಿಟ್ಟರೆ ವಾರದೊಳಗೆ ನೀರು ತುಂಬ ಹರಡುತ್ತದೆ. ತೊಟ್ಟಿಗೆ ಸೊಳ್ಳೆ ಪರದೆ ಕಟ್ಟುವುದನ್ನು ಮರೆಯಬಾರದು. ಸೊಳ್ಳೆ ಮರಿಹುಳು ಮೀನಿಗೆ ಪ್ರಿಯವಾದರೂ ತೆರೆದ ತೊಟ್ಟಿ ಡೆಂಗೆ ಜ್ವರಕ್ಕೆ ದಾರಿ.

ಹೆಚ್ಚಾದ ಮೊಯಿನಾವನ್ನು ಮನೆಯಲ್ಲೇ ಹೆಪ್ಪುಗಟ್ಟಿಸಬಹುದು. ಬಟ್ಟೆಯ ಬಲೆಯಲ್ಲಿ ಹಿಡಿದು, ಶುದ್ಧ ನೀರಿನಲ್ಲಿ ಎರಡು ಸಲ ತೊಳೆದು, ಚೆನ್ನಾಗಿ ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಸೆಂ.ಮೀ.ಗಿಂತ ದಪ್ಪವಿಲ್ಲದಂತೆ ಹಾಳೆಯಾಗಿ ಹರಡಿ ಫ್ರೀಜರಿನಲ್ಲಿ ಮಲಗಿಸಿಡಬೇಕು. ತೆಳುವಾದ ಹಾಳೆ ಬೇಗ ಗಟ್ಟಿಯಾಗುವುದರಿಂದ ಸೋರಿಕೆ ಕಡಿಮೆ, ಬೇಕಾದಷ್ಟು ಮುರಿದುಕೊಳ್ಳಲೂ ಸುಲಭ. ಚೀಲದ ಮೇಲೆ ದಿನಾಂಕ ಬರೆದು ಮೂರು ತಿಂಗಳೊಳಗೆ ಬಳಸಬೇಕು. ಹೀಗೆ ಮಾಡಿದರೆ ಚಳಿಗಾಲದಲ್ಲಿ ತೊಟ್ಟಿಯ ಉತ್ಪತ್ತಿ ಕುಗ್ಗಿದಾಗ ಹಗೇವಿನ ಜೋಳದಂತೆ ಕೈಗೆ ಬರುತ್ತದೆ.

ಕೆಲವು ಎಚ್ಚರಿಕೆಗಳು

ಹಸಿ ಮೀನಿನ ಮಾಂಸವನ್ನು ಅರೆದು ಹೆಪ್ಪುಗಟ್ಟಿಸಿ ಕೊಡುವವರು ಒಂದು ಸಂಗತಿ ತಿಳಿದಿರಬೇಕು. ಕಾರ್ಪ್ ಜಾತಿಯ ಕೆಲವು ಮೀನುಗಳ ಹಸಿ ಮಾಂಸದಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವ ಇರುತ್ತದೆ. ತಂಪಿನಿಂದ ಅದು ನಾಶವಾಗುವುದಿಲ್ಲ, ಬೇಯಿಸಿದರೆ ನಾಶವಾಗುತ್ತದೆ. ಆದುದರಿಂದ ಬೇಯಿಸಿಯೇ ಬಳಸಬೇಕು.

ಕೆಂಪು ಹುಳುವಿನಿಂದ ಕೆಲವರಿಗೆ ಕೈ ತುರಿಕೆ, ಕಣ್ಣುರಿ, ಉಬ್ಬಸ ಬರುವುದುಂಟು. ಅಂಥವರು ಅದನ್ನು ಮುಟ್ಟದಿರುವುದು ಕ್ಷೇಮ. ಉಳಿದವರೂ ಚಿಮಟ ಬಳಸಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಮೀನಿನ ಆಹಾರವನ್ನು ಮನೆಯ ತಿನಿಸಿನ ಜೊತೆ ಇಡದೆ ಮುಚ್ಚಳವಿರುವ ಬೇರೆ ಡಬ್ಬಿಯಲ್ಲಿ, ಹೆಸರು ಬರೆದು ಇಡಬೇಕು.

ಒಟ್ಟಿನಲ್ಲಿ ಹೇಳುವುದಾದರೆ

ಹೆಪ್ಪುಗಟ್ಟಿಸಿದ ಆಹಾರವನ್ನು ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ನನ್ನ ಮೀನಿನ ಬಾಯಿಗೆ ಹಿಡಿಸುತ್ತದೆಯೇ? ಇದು ಹುಟ್ಟಿದಂದಿನಿಂದ ಇಂದಿನವರೆಗೆ ಒಮ್ಮೆಯೂ ಕರಗದೆ ಬಂದಿದೆಯೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಕೊಳ್ಳಿರಿ. ತಾಯಿ ಮೀನಿಗೂ ಬೆಳೆಯುವ ಮೀನಿಗೂ ಅದು ಒಳ್ಳೆಯ ಪೂರಕ ಆಹಾರ. ಎಳೆಮರಿಗಳ ಮೊದಲ ಹತ್ತು ದಿನಕ್ಕೆ ಮಾತ್ರ ಜಾಡಿಯಲ್ಲಿ, ತೊಟ್ಟಿಯಲ್ಲಿ ನೀವೇ ಬೆಳೆದ ಜೀವಂತ ಆಹಾರವನ್ನು ನಂಬಿರಿ. ಕೊಟ್ಟಿಗೆಯ ಸೆಗಣಿ, ಗಾಣದ ಹಿಂಡಿ ಇದ್ದವರಿಗೆ ಇದು ಕಷ್ಟದ ಕೆಲಸವಲ್ಲ.

ವಿಸ್ತರಣಾ ಕಾರ್ಯಕರ್ತರು ತರಬೇತಿಗಳಲ್ಲಿ ಉಪ್ಪುನೀರಿನ ಪರೀಕ್ಷೆ, ನಾಣ್ಯದ ಪರೀಕ್ಷೆ ಮತ್ತು ಜರಡಿಯಲ್ಲಿ ಬಸಿದು ತೂಗುವ ಪರೀಕ್ಷೆಗಳನ್ನು ಮಾಡಿ ತೋರಿಸಿದರೆ ರೈತರ ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲುತ್ತವೆ. ಮರಿಗಳ ಪಾಲನೆ ಹಾಗೂ ಈಗ ಲಭ್ಯವಿರುವ ಸಹಾಯಧನದ ವಿವರಗಳಿಗೆ ಆಸಕ್ತ ರೈತ ಬಾಂಧವರು ತಮ್ಮ ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ಸಂಪರ್ಕಿಸಬಹುದು.